ಗಳಿಗೆಯ ತೂತು, ಚಿನ್ನದ ತಂತಿ

ಚಿನ್ನದ ಗಣಿಯೂರಾದ ಹಟ್ಟಿಯಲ್ಲಿ ಮನೆಯ ಹೊತ್ತು ಗೋಡೆಯ ಗಡಿಯಾರದಿಂದ ಶುರುವಾಗುವುದಿಲ್ಲ. ‘ಅಪ್ಪ ಯಾವ ಪಾಳಿಗೆ ಹೋಗ್ಯಾನ?’ ಎಂಬ ಮಾತಿಗೆ ಉತ್ತರ ಸಿಕ್ಕ ಮೇಲೆಯೇ ಅಡುಗೆ ಯಾವಾಗ, ಮಕ್ಕಳು ಎಷ್ಟು ಗದ್ದಲ ಮಾಡಬಹುದು ಎಂಬುದೆಲ್ಲ ತೀರ್ಮಾನವಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿದ್ದರೆ ಆ ಮನೆಗೆ ನಡುಹಗಲೂ ಸರಿರಾತ್ರಿಯೇ. ಮಲ್ಲಪ್ಪ ಶಾಫ್ಟಿನಲ್ಲಿ ಕೆಳಗಿಳಿದವರಿಗಂತೂ ಹಗಲಿರುಳಿನ ಬಣ್ಣ ಒಂದೇ. ನೆರಳು ನೋಡಿ ಹೊತ್ತು ಹೇಳುವ ವಿದ್ಯೆ ಅಲ್ಲಿ ನಡೆಯದು. ಮನುಷ್ಯನಿಗೆ ಕಾಲವನ್ನು ಅಳೆಯುವುದು ಯಾಕೆ ಬೇಕಾಯಿತು ಎಂಬುದನ್ನು ಈ ಊರಿನಷ್ಟು ಚೆನ್ನಾಗಿ ಹೇಳಬಲ್ಲ ಊರು ಕಡಿಮೆ.

ನಮ್ಮ ಹಿರಿಯರ ಒಂದು ದಿನಕ್ಕೆ 60 ಗಳಿಗೆ. ಗಳಿಗೆಗೆ 24 ನಿಮಿಷ. ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು. ಎಲ್ಲ ಗುಟ್ಟೂ ಆ ತೂತಿನಲ್ಲಿದೆ. ತುಸು ಹಿಗ್ಗಿದರೆ ಗಳಿಗೆ ಗಿಡ್ಡ, ಕುಗ್ಗಿದರೆ ಉದ್ದ. ಹಾಗಾದರೆ ಊರೂರಿಗೆ ಒಂದೇ ತೂತು ಹೇಗೆ? ಕೊಡದಿಂದ ನೀರು ಸೋರಿಸಿ ಹೊತ್ತು ಅಳೆಯುವ ಕ್ರಮಕ್ಕೆ ಪ್ರಾಚೀನ ಗ್ರಂಥ ಅರ್ಥಶಾಸ್ತ್ರ ಸೊಗಸಾದ ದಾರಿ ತೋರಿಸುತ್ತದೆ: ನಾಲ್ಕು ಮಾಷ ತೂಕದ ಚಿನ್ನವನ್ನು ನಾಲ್ಕು ಅಂಗುಲದ ತಂತಿಯಾಗಿ ಎಳೆಯಿರಿ, ಅದರ ದಪ್ಪವೇ ತೂತಿನ ಅಳತೆ. ಬಟ್ಟಲಿನ ತೂತಿಗೂ ಮುಂದೆ ಜ್ಯೋತಿಷ ಗ್ರಂಥಗಳು ಚಿನ್ನದ ಸೂಜಿಯನ್ನೇ ಹೇಳಿದವು. ಚಿನ್ನ ತುಕ್ಕು ಹಿಡಿಯದು. ಬೇಕಾದಷ್ಟು ಸಣ್ಣಗೆ ಎಳೆಯಲು ಬರುತ್ತದೆ. ತೂಕವೂ ಉದ್ದವೂ ಗೊತ್ತಾದರೆ ದಪ್ಪ ತಾನಾಗಿಯೇ ಗೊತ್ತಾಗುತ್ತದೆ. ಕೊರಳಿಗೆ ಒಡವೆಯಾಗುವ ಲೋಹ ಕಾಲಕ್ಕೆ ಪ್ರಮಾಣವೂ ಆಗಿತ್ತೆಂಬುದು ಚಿನ್ನದ ಊರಿನವರು ಹೆಮ್ಮೆಪಡಬೇಕಾದ ಸಂಗತಿ.

ಗಳಿಗೆ ಹಟ್ಟಿಯನ್ನು ಇನ್ನೂ ಬಿಟ್ಟಿಲ್ಲ. ನಮ್ಮ ಗಡಿಯಾರಗಳು ಹೇಳುವುದು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಹೊತ್ತನ್ನು. ಹಟ್ಟಿ ಅಲ್ಲಿಂದ ಸುಮಾರು ಆರು ಡಿಗ್ರಿ ಪಡುವಣಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷ. ಹೀಗಾಗಿ ಇಲ್ಲಿ ಸೂರ್ಯನ ನಡುಹಗಲು, ವರ್ಷದ ಸರಾಸರಿಯಲ್ಲಿ, ಹನ್ನೆರಡು ಹೊಡೆದ ಹೆಚ್ಚುಕಡಿಮೆ ಒಂದು ಗಳಿಗೆಯ ಮೇಲೆ ಆಗುತ್ತದೆ. ದೇಶಕ್ಕೆಲ್ಲ ಒಂದೇ ಹೊತ್ತಿರಲೆಂದು ಈ ಊರು ಬಿಟ್ಟುಕೊಟ್ಟ ಗಳಿಗೆ ಅದು.

ಬಿಸಿಲೂ ನೀರ ಬಟ್ಟಲೂ ಇಲ್ಲದ ಕಡೆ ಏನು ಗತಿ? ರೋಮಿನ ಪ್ಲಿನಿ ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಸ್ಪೇನಿನ ಚಿನ್ನದ ಗಣಿಗಳ ಬಗ್ಗೆ ಬರೆದಿದ್ದಾನೆ. ಬೆಟ್ಟದೊಳಗೆ ದೀಪದ ಬೆಳಕಲ್ಲಿ ಕೊರೆಯುತ್ತಿದ್ದರು, ಕೆಲಸದ ಪಾಳಿಗೂ ದೀಪವೇ ಅಳತೆ, ತಿಂಗಳುಗಟ್ಟಲೆ ಅವರು ಹಗಲನ್ನೇ ಕಾಣುತ್ತಿರಲಿಲ್ಲ. ಓದಿದಾಗಲೆಲ್ಲ ಎದೆ ಭಾರವಾಗುತ್ತದೆ. ಎಣ್ಣೆ ತುಂಬುವವನ ಕೈಯಲ್ಲೇ ದುಡಿಯುವವನ ಹೊತ್ತು ಇತ್ತಲ್ಲ!

ಸುಮಾರು ಆ ಕಾಲಕ್ಕೇ ಹಟ್ಟಿಯಲ್ಲೂ ಬಂಡೆಯನ್ನು ಬೆಂಕಿಯಲ್ಲಿ ಕಾಯಿಸಿ ಸೀಳುತ್ತ, 600 ಅಡಿಗೂ ಆಳಕ್ಕೆ ಇಳಿದಿದ್ದರು. ಅವರ ಕಾಲವನ್ನು ನಮಗೆ ಹೇಳಿದ್ದು ಹಳೆಯ ಗಣಿಯೊಳಗೆ ಉಳಿದ ಮರ. ಮರ ಸತ್ತ ಮೇಲೆ ಅದರೊಳಗಿನ ವಿಕಿರಣಶೀಲ ಇಂಗಾಲ 5,730 ವರ್ಷಕ್ಕೆ ಅರ್ಧದಷ್ಟಾಗುವ ವೇಗದಲ್ಲಿ ಕರಗುತ್ತದೆ. ಉಳಿದದ್ದನ್ನು ಅಳೆದು, ಸುಮಾರು 2,000 ವರ್ಷದ ಹಿಂದಿನದೆಂದು ಲೆಕ್ಕ ಹಾಕಿದರು. ಕತ್ತಲಲ್ಲಿ ದುಡಿದವರ ಹೆಸರು ಉಳಿಯಲಿಲ್ಲ, ಅವರು ಹೊತ್ತು ತಂದ ಮರ ಅವರ ಪರವಾಗಿ ಸಾಕ್ಷಿ ನುಡಿಯಿತು.

ನೆಲದಡಿಯ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಕೂಡದೆಂದು 1952ರ ಗಣಿ ಕಾಯ್ದೆ ಗೆರೆ ಎಳೆಯಿತು. ಎಂಟು ಗಂಟೆಯೆಂದರೆ 20 ಗಳಿಗೆ. ಕಾಲಮಾಪನದ ಚರಿತ್ರೆಯಲ್ಲಿ ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುವುದು ಈ ಗೆರೆಯನ್ನು. ಹೊತ್ತು ತೋರುವ ಉಪಕರಣ ಎಷ್ಟು ಸೂಕ್ಷ್ಮವಾದರೇನು, ಅದನ್ನು ಓದುವ ಹಕ್ಕು ದುಡಿಯುವವರಿಗೂ ಇರಬೇಕು. ಗಣಿಯೂರಿನ ಗಡಿಯಾರ ಚಿನ್ನದ ಲೆಕ್ಕಕ್ಕಿಂತ ಮೊದಲು ಕಾಯಬೇಕಾದದ್ದು, ಕೆಳಗಿಳಿದವರು ಮೇಲೆ ಬರುವ ಹೊತ್ತನ್ನು.