ತೊಂಬತ್ತಾರು ಚಕ್ರಗಳು

ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈಯವರು ಕಡೆದ 39 ಅಡಿ ಎತ್ತರದ ಬಾಹುಬಲಿಯ ಏಕಶಿಲಾಮೂರ್ತಿ 1973ರಲ್ಲಿ ರಸ್ತೆಯ ಮೇಲೆ ಧರ್ಮಸ್ಥಳಕ್ಕೆ ಹೊರಟಾಗ, ಅದನ್ನು ನೋಡಲು ದಾರಿಯುದ್ದಕ್ಕೂ ಜನ ನೆರೆದರು. ನೋಡಿದವರಿಗೆ ಮೂರ್ತಿ ನೆನಪಿದೆ. ಅದನ್ನು ಹೊತ್ತು ತಂದ ಬಂಡಿ ಎಷ್ಟು ಮಂದಿಗೆ ನೆನಪಿದೆಯೋ! ಈಗಲೂ ಹೆದ್ದಾರಿಯಲ್ಲಿ ಮನೆಯಷ್ಟು ದೊಡ್ಡದೊಂದು ಟ್ರಾನ್ಸ್‌ಫಾರ್ಮರ್ ಎದುರಾದರೆ ಬಸ್ಸಿನವರೆಲ್ಲ ಕಿಟಕಿಯಿಂದ ಕತ್ತು ಚಾಚಿ ಅದನ್ನೇ ನೋಡುತ್ತಾರೆ. ಅದರ ಕೆಳಗೆ ಧೂಳು ಮೆತ್ತಿಕೊಂಡು ತೆವಳುವ ಚಕ್ರಗಳ ಸಾಲು ಯಾರ ಕಣ್ಣಿಗೂ ಬೀಳದು.

ಬೆಂಗಳೂರಿನ ಒಬ್ಬ ಮೇಸ್ತ್ರಿಗಳು ಮೂವತ್ತು ವರ್ಷ ನೋಡಿದ್ದು ಆ ಚಕ್ರಗಳನ್ನೇ. ಭಾರಿ ಟ್ರೇಲರುಗಳ ಹಿಂಬದಿಯಲ್ಲಿ ನಡೆದುಕೊಂಡು ಹೋಗುವುದು ಅವರ ಉದ್ಯೋಗ. ಮುಂದೆ ಲಾರಿ ಎಳೆಯುತ್ತದೆ. ಮೇಲೆ ಕುಳಿತ ಹುಡುಗರು ಬಿದಿರಿನ ಗಳುವಿನಿಂದ ವಿದ್ಯುತ್ತಿನ ತಂತಿಗಳನ್ನೆತ್ತಿ ದಾಟಿಸುತ್ತಾರೆ. ಬಾಲದಲ್ಲಿ ನಡೆಯುವವನು ಪ್ರತಿ ಚಕ್ರದ ನಡೆಯನ್ನೂ ಗಮನಿಸಬೇಕು. ಒಮ್ಮೆ ಹೊರಟರೆ ತಿಂಗಳುಗಟ್ಟಲೆ ಮನೆಯ ಮುಖ ಕಾಣುವಂತಿಲ್ಲ. ನಿವೃತ್ತರಾದ ಮೇಲೆ ಅವರು ಆ ಟ್ರೇಲರಿನ ಮಾದರಿಯೊಂದನ್ನು ತಾವೇ ಕಟ್ಟಲು ಕುಳಿತರು. ಅಳತೆ ನಿಜದ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಹದಿನೆಂಟು ಮೀಟರಿನ ಬಂಡಿ ಎಪ್ಪತ್ತೈದು ಸೆಂಟಿಮೀಟರಿಗೆ ಇಳಿಯಿತು.

ಹನ್ನೆರಡು ಸಾಲು ಆಕ್ಸಲ್. ಸಾಲಿಗೆ ಎಂಟರಂತೆ ತೊಂಬತ್ತಾರು ಚಕ್ರ. ಒಂದು ಚಕ್ರವನ್ನು ಲೇತ್ ಯಂತ್ರದಲ್ಲಿ ಕಡೆದು, ಅದರಿಂದ ಅಚ್ಚು ಮಾಡಿ, ಒಮ್ಮೆಗೆ ನಾಲ್ಕರಂತೆ ಎರಕ ಹೊಯ್ದರು. ಮೊದಲನೆಯ ಚಕ್ರ ಹುಟ್ಟಿದಾಗ ಮನೆಯವರಿಗೆಲ್ಲ ತೋರಿಸಿದರು. ನಲವತ್ತನೆಯದರ ಹೊತ್ತಿಗೆ ಆ ಸಂಭ್ರಮ ಇಳಿದು, ಉಳಿದದ್ದು ಜಪಸರ ಎಣಿಸುವವನ ಹಟ. ತಟ್ಟೆಯಲ್ಲಿ ಆರಲು ಇಟ್ಟ ಕರಿಯ ಬಳೆಗಳನ್ನು ನೋಡಿ ಅವರ ಪತ್ನಿ, “ಕೋಡುಬಳೆ ಸೀದು ಹೋಯ್ತಲ್ಲ!” ಎಂದು ನಕ್ಕರು.

ಮಾದರಿ ಕಟ್ಟುವವರಲ್ಲಿ ಎರಡು ಪಂಥಗಳುಂಟು. ಒಂದು ಪಂಥದವರಿಗೆ ಬೇಕಾದದ್ದು ಗಾಜಿನ ಪೆಟ್ಟಿಗೆಯಲ್ಲಿಡುವ ರೂಪ. ಅವರು ಚಕ್ರದ ತಳವನ್ನು ಸ್ವಲ್ಪ ಅರದಿಂದ ಉಜ್ಜಿ ಚಪ್ಪಟೆ ಮಾಡುತ್ತಾರೆ. ಭಾರಕ್ಕೆ ಟೈರು ಅದುಮಿದಂತೆ ಕಾಣುತ್ತದೆ. ನೋಟ ಸೊಗಸೇ, ಆದರೆ ಆ ಚಕ್ರ ಉರುಳುವುದಿಲ್ಲ. ಇನ್ನೊಂದು ಪಂಥದವರಿಗೆ ಅದು ನಡೆಯಬೇಕು. ಮೇಸ್ತ್ರಿಗಳು ಇನ್ನೂ ಮುಂದೆ ಹೋದರು: ಅದು ಹೊರಬೇಕು.

ಹೊರುವುದೆಂದರೆ ಎಷ್ಟು? ಇದಕ್ಕೆ ಲೆಕ್ಕವಿದೆ. ಉದ್ದ ಇಪ್ಪತ್ತನಾಲ್ಕು ಪಟ್ಟು ಕುಗ್ಗಿದರೆ ಅಗಲವೂ ಎತ್ತರವೂ ಅಷ್ಟೇ ಕುಗ್ಗುತ್ತವೆ. ತೂಕ 13,824 ಪಟ್ಟು ಇಳಿಯುತ್ತದೆ. ಆದರೆ ತೊಲೆಯ ಬಲ ಅದರ ಅಡ್ಡಕೊಯ್ತದ ವಿಸ್ತಾರವನ್ನು ಅವಲಂಬಿಸಿದ್ದು. ಅದು ಕುಗ್ಗುವುದು 576 ಪಟ್ಟು ಮಾತ್ರ. ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ ಸಂಗತಿ ಇದು. ಚಿಕ್ಕದರ ಮೇಲೆ ಪ್ರಕೃತಿಗೆ ದಾಕ್ಷಿಣ್ಯ. ಇರುವೆ ತನಗಿಂತ ಭಾರವಾದ ಕಾಳನ್ನು ಹೊತ್ತೊಯ್ಯುತ್ತದೆ, ಆನೆಗೆ ಅದು ಸಾಧ್ಯವಿಲ್ಲ. ಆದ್ದರಿಂದ ಹಿತ್ತಾಳೆಯ ಪಟ್ಟಿಗಳನ್ನು ಬೆಸೆದು ಮಾಡಿದ ಹಾಸು ಬಾಗೀತೆಂಬ ಭಯ ಮೇಸ್ತ್ರಿಗಳಿಗೆ ಇರಲಿಲ್ಲ. ಅವರ ಚಿಂತೆಯೆಲ್ಲ ಹಂಚಿಕೆಯದು. ನೆಲದಲ್ಲಿ ಒಂದು ಉಬ್ಬಿದ್ದರೆ, ಬಿಗಿಯಾಗಿ ಕೂರಿಸಿದ ತೊಂಬತ್ತಾರು ಚಕ್ರಗಳಲ್ಲಿ ಬೆರಳೆಣಿಕೆಯಷ್ಟೇ ನೆಲ ಮುಟ್ಟುತ್ತವೆ; ಉಳಿದವು ಜಾತ್ರೆಗೆ ಬಂದ ನೆಂಟರಂತೆ ಸುಮ್ಮನೆ ತೂಗಾಡುತ್ತವೆ.

ನಿಜವಾದ ಟ್ರೇಲರಿನಲ್ಲಿ ಇದಕ್ಕೆ ಉಪಾಯವಿದೆ. ಪ್ರತಿ ನಾಲ್ಕು ಚಕ್ರಗಳ ಮೇಲೆ ಎಣ್ಣೆ ತುಂಬಿದ ಒಂದು ಸಿಲಿಂಡರ್. ಸಿಲಿಂಡರುಗಳನ್ನೆಲ್ಲ ಕೊಳವೆಗಳಿಂದ ಮೂರು ಗುಂಪುಗಳಾಗಿ ಜೋಡಿಸಿರುತ್ತಾರೆ. ಒಂದು ಚಕ್ರ ಹಳ್ಳಕ್ಕಿಳಿದರೆ ಅದೇ ಗುಂಪಿನ ಉಳಿದವುಗಳಿಂದ ಎಣ್ಣೆ ಅದರತ್ತ ಹರಿಯುತ್ತದೆ. ಎಲ್ಲವೂ ಸಮನಾಗಿ ಹೊರುತ್ತವೆ. ಗುಂಪುಗಳು ಮೂರೇ ಏಕೆಂದರೆ, ಮೂರು ಕಲ್ಲಿನ ಒಲೆಯ ಮೇಲೆ ಇಟ್ಟ ಗಡಿಗೆ ಎಂದೂ ಕುಪ್ಪಳಿಸದು. ನಾಲ್ಕನೆಯ ಕಲ್ಲು ಬಂದರೆ ಜಗಳ ಶುರು.

ಮೇಸ್ತ್ರಿಗಳು ಇಪ್ಪತ್ತನಾಲ್ಕು ಸಣ್ಣ ಸಿರಿಂಜುಗಳನ್ನು ತಂದು, ಎಂಟೆಂಟರ ಮೂರು ಗುಂಪು ಮಾಡಿ, ಕೊಬ್ಬರಿ ಎಣ್ಣೆ ತುಂಬಿದರು. ಡಿಸೆಂಬರಿನ ಒಂದು ಮುಂಜಾನೆ ಎದ್ದು ನೋಡಿದರೆ ಎಣ್ಣೆ ಹೆಪ್ಪುಗಟ್ಟಿ ಬಂಡಿ ಕಲ್ಲಾಗಿತ್ತು! ಆಮೇಲೆ ಗ್ಲಿಸರಿನ್ ಬಂದಿತು. ಚಕ್ರಗಳು ತಿರುಗುವಾಗ ಒಳಬದಿಯವು ಹೆಚ್ಚು, ಹೊರಬದಿಯವು ಕಡಿಮೆ ಹೊರಳಬೇಕು. ಆ ಸಲಾಕೆಗಳ ಜೋಡಣೆಗೇ ಒಂದು ಮಳೆಗಾಲ ಹಿಡಿಯಿತು.

ಇನ್ನು ಹೊರೆ. ಕಬ್ಬಿಣದ ತುಂಡು ಹುಡುಕುತ್ತಿದ್ದ ಪತಿಗೆ, ಮಿಕ್ಸಿ ಬಂದಂದಿನಿಂದ ಮೂಲೆ ಸೇರಿದ್ದ ರುಬ್ಬುವ ಗುಂಡನ್ನು ಪತ್ನಿಯೇ ತೋರಿಸಿದರು. ತೂಗಿದರೆ ಹನ್ನೊಂದು ಕಿಲೋ; ಅಂದರೆ ಲೆಕ್ಕದಲ್ಲಿ 152 ಟನ್. ಚಕ್ರವೊಂದಕ್ಕೆ ನೂರಹದಿನೈದು ಗ್ರಾಂ ಪಾಲು.

ಭಾನುವಾರ ಜಗಲಿಯ ಮೇಲೆ ಪರೀಕ್ಷೆ. ದಾರಿಗೆ ಅಡ್ಡವಾಗಿ ಮೊಮ್ಮಗನ ಅಳತೆಪಟ್ಟಿ ಇಟ್ಟಿತ್ತು. ಒಂದೊಂದೇ ಸಾಲು ಎದ್ದು, ಇಳಿದು, ದಾಟಿತು. ಮೇಲಿನ ಗುಂಡು ಅಲುಗಲಿಲ್ಲ. ಮೊಮ್ಮಗ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಹಿಂದಿನ ಎಡಗಡೆಯ ಒಂದು ಕೊಳವೆ ಕಳಚಿತು. ಆ ಮೂಲೆ ಪೂರ್ತಿ ಕುಸಿದು ಹಾಸು ವಾಲಿತು. ಗುಂಡು ಜಾರುವ ಮೊದಲೇ ಮೇಸ್ತ್ರಿಗಳ ಎಡಗೈ ಅದನ್ನು ತಡೆದಿತ್ತು. ಬಲಗೈ ಹಾಸಿನ ಕೆಳಗೆ ಹೋಗಿ ಕೊಳವೆಯ ಬಾಯನ್ನು ಅದುಮಿ ಹಿಡಿದಿತ್ತು. ನೋಡಿ ಹುಡುಕಿದ ಕೈಯಲ್ಲ ಅದು. ದಾರಿ ಬಲ್ಲ ಕೈ.

ಪತ್ನಿ ಆ ಕೈಯನ್ನೇ ನೋಡುತ್ತಿದ್ದರು.

“ಆ ಸಲ ಕೈಗೆ ಪಟ್ಟಿ ಕಟ್ಕೊಂಡು ಬಂದಿದ್ರಲ್ಲ, ಲಾರಿ ಬಾಗಿಲಿಗೆ ಸಿಕ್ಕಿತು ಅಂದ್ರಿ. ಹೀಗೇನಾ ಆಗಿದ್ದು?”

ಮೇಸ್ತ್ರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು “ಹೂಂ” ಎಂದರು. ನಡುರಾತ್ರಿ, ಮೋರಿಯೊಂದರ ಮೇಲೆ, ಕೊಳವೆ ಒಡೆದಿತ್ತು. ಒಡೆದ ಸಿಲಿಂಡರಿನ ನಲ್ಲಿಯನ್ನು ಮುಚ್ಚಿದರೆ ಅದೊಂದು ಗುಂಪಿನಿಂದ ಕಳಚಿಕೊಳ್ಳುತ್ತದೆ, ಉಳಿದ ಏಳು ನಿಲ್ಲುತ್ತವೆ. ಆದರೆ ನಲ್ಲಿ ಇರುವುದು ಹಾಸಿನ ಕೆಳಗೆ.

“ಕೆಳಗೆ ನುಗ್ಗಿದೋರು ಯಾರು?”

“ಯಾರಾದ್ರೂ ಹೋಗಲೇಬೇಕಿತ್ತಲ್ಲ.”

ಮೂವತ್ತು ವರ್ಷಗಳಲ್ಲಿ ಆ ಮನೆಗೆ ಸಂಬಳ ಬಂದಿತ್ತು, ದೂರದೂರುಗಳ ಸೀರೆ ಬಂದಿತ್ತು. ಈ ಸುದ್ದಿಯೊಂದು ಬಂದಿರಲಿಲ್ಲ. ಆಕೆ ಸೆರಗಿನಿಂದ ನೆಲದ ಗ್ಲಿಸರಿನ್ ಒರೆಸಿದರು. ಬಳಿಕ ಬಂಡಿಯ ಕೆಳಗೆ ಬಾಗಿ ನೋಡಿ ಕೇಳಿದರು:

“ಮತ್ತೆ, ಇದಕ್ಕೆ ಆ ನಲ್ಲಿ ಯಾಕೆ ಇಟ್ಟಿಲ್ಲ?”

ಆಟದ ಬಂಡಿಗೆ ಅದೇಕೆ ಎಂದು ಮೇಸ್ತ್ರಿಗಳು ಬಿಟ್ಟಿದ್ದರು. ಮರುದಿನ ಔಷಧಿಯಂಗಡಿಗೆ ಹೋಗಿ, ಗ್ಲೂಕೋಸ್ ಏರಿಸುವ ಕೊಳವೆಗಳನ್ನು ಕೊಂಡರು. ಹನಿಯನ್ನು ಹೆಚ್ಚು ಕಡಿಮೆ ಮಾಡಲು ಅದರಲ್ಲಿರುವ ಪುಟ್ಟ ಗಾಲಿಯ ಬಿಗಿತ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಇಪ್ಪತ್ತನಾಲ್ಕು ಬೇಕೆಂದಾಗ ಅಂಗಡಿಯವನು ಗಾಬರಿಯಾಗಿ, “ಯಾರಿಗೆ ಸಾರ್ ಹುಷಾರಿಲ್ಲ?” ಎಂದು ಕೇಳಿದ.

ಜೋಡಿಸಿ ಮುಗಿದ ಮೇಲೆ ಇಪ್ಪತ್ತನಾಲ್ಕನ್ನೂ ಒಂದೊಂದಾಗಿ ಮುಚ್ಚಿ ತೆರೆದು ನೋಡಿದವರು ಮೇಸ್ತ್ರಿಗಳಲ್ಲ, ಅವರ ಪತ್ನಿ. ಹದಿನೇಳನೆಯದು ಸಡಿಲವಾಗಿದೆ ಎಂದು ಬದಲಾಯಿಸಿದರು.