ಸೋದರಮಾವನ ಹಾರ್ಮೋನಿಯಂ

ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜನು ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡನು. ಅವನಿಗೆ ಆಸರೆಯಾದವರು ಸೋದರಮಾವ ಚಂದ್ರಶೇಖರಯ್ಯನವರು. ಅವರ ಹಾರ್ಮೋನಿಯಂ ಮೇಲೆ ಬಾಲಕನು ಬೆರಳಾಡಿಸಿ ಸ್ವರಗಳನ್ನು ಹೊರಡಿಸುತ್ತಿದ್ದನು. ವಾದ್ಯವು ಕೆಟ್ಟೀತೆಂದು ಗದರಿಸುವುದು ಸುಲಭ. ಕಣ್ಣಿಲ್ಲದ ಮಗುವಿಗೆ ಹೊತ್ತು ಕಳೆಯಲೊಂದು ಆಟವಾಯಿತೆಂದು ಸುಮ್ಮನಿರುವುದು ಇನ್ನೂ ಸುಲಭ. ಅನೇಕ ಮನೆಗಳಲ್ಲಿ ನಡೆಯುವುದು ಇದೇ. ಮಾವನವರು ಆ ನಾದವನ್ನು ಕಿವಿಗೊಟ್ಟು ಕೇಳಿದರು. ಬಾಲಕನನ್ನು ಗಾನಯೋಗಿ ಪಂಚಾಕ್ಷರ ಗವಾಯಿಗಳ ಬಳಿಗೆ ಕರೆದೊಯ್ದರು.

ಗವಾಯಿಗಳೂ ಅಂಧರೇ. ನೋಡಲಾರದವನಿಗೆ ಕಿವಿಯಿಂದ, ಸ್ಪರ್ಶದಿಂದ, ನೆನಪಿನಿಂದ ವಿದ್ಯೆಯು ಹೇಗೆ ದಕ್ಕುವುದೆಂಬುದನ್ನು ಅವರಿಗೆ ಯಾರೂ ತಿಳಿಸಬೇಕಾಗಿರಲಿಲ್ಲ. ಶಿಷ್ಯನು ಹಿಂದೂಸ್ತಾನಿ, ಕರ್ನಾಟಕ ಸಂಗೀತಗಳೆರಡರಲ್ಲಿಯೂ ಪಳಗಿದನು. ತಬಲ, ಪಿಟೀಲುಗಳೂ ಅವನ ಕೈಗೆ ಒಲಿದವು.

1944ರಲ್ಲಿ ಗುರುಗಳು ಲಿಂಗೈಕ್ಯರಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಶಿಷ್ಯನ ಹೆಗಲೇರಿತು. ಪುಟ್ಟರಾಜ ಗವಾಯಿಗಳು ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿದರು. ನಾಟಕ ಮಂಡಳಿಯನ್ನೂ ನಡೆಸಿದರು. ಆಶ್ರಮದಲ್ಲಿ ತುಂಬಿದ್ದ ಮಕ್ಕಳಿಗೆ ಸಂಗೀತಕ್ಕಿಂತ ಮೊದಲು ಅನ್ನ ಬೇಕಲ್ಲವೆ? 2010ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ, ಕಣ್ಣಿಲ್ಲದ ಮಕ್ಕಳ ಕೈಹಿಡಿದು ಬಂದ ಹೆತ್ತವರಿಗೆ ಆ ಬಾಗಿಲು ತೆರೆದೇ ಇತ್ತು.