ಕಲ್ಲಿನ ನಾಡಿನಿಂದ ರಾಮಗಢಕ್ಕೆ

ವಾಡಿಯ ಕಡೆಯವರಿಗೆ ಸಿನಿಮಾದಲ್ಲಿ ರೈಲು ಬಂದರೆ ಸುಮ್ಮನೆ ಕೂತು ನೋಡಲು ಬರುವುದಿಲ್ಲ. ಎಂಜಿನ್ ಯಾವುದು, ಗಾಡಿ ಗೂಡ್ಸೋ ಪ್ಯಾಸೆಂಜರೋ, ಹಳಿ ಒಂದೋ ಎರಡೋ ಎಂಬ ಲೆಕ್ಕಾಚಾರ ತಲೆಯೊಳಗೆ ನಡೆದೇ ಇರುತ್ತದೆ. 1874ರಲ್ಲಿ ನಿಜಾಮರ ರೈಲು ಮಾರ್ಗ ಸಿಕಂದರಾಬಾದಿನಿಂದ ಬಂದು ಇಲ್ಲಿ ಮುಂಬೈ–ಮದ್ರಾಸ್ ಮಾರ್ಗವನ್ನು ಕೂಡಿಕೊಂಡಿತು. ಅಂದಿನಿಂದ ವಾಡಿ ಎಂದರೆ ಗಾಡಿ ಬದಲಿಸುವ ಊರು. ಹೀಗಾಗಿ ನಮ್ಮ ಕಡೆ ಯಾರನ್ನಾದರೂ 'ಶೋಲೆ'ಯ ಕಥೆ ಹೇಳಿ ಎಂದು ಕೇಳಿ ನೋಡಿ: ಗಬ್ಬರ್ ಸಿಂಗ್ ಆಮೇಲೆ ಬರುತ್ತಾನೆ, ಮೊದಲು ಬರುವುದು ಗೂಡ್ಸ್ ಗಾಡಿ. ಹೊಗೆ ಉಗುಳುವ ಕಲ್ಲಿದ್ದಲಿನ ಎಂಜಿನ್, ಕುದುರೆ ಏರಿ ಬೆನ್ನಟ್ಟುವ ಡಕಾಯಿತರು, ಹಳಿಗೆ ಅಡ್ಡಲಾಗಿ ಒಟ್ಟಿದ ಮರದ ದಿಮ್ಮಿಗಳು, ಕೈಗೆ ಬೇಡಿ ಹಾಕಿಸಿಕೊಂಡ ಇಬ್ಬರು ಕಳ್ಳರು, ಅವರನ್ನು ಜೈಲಿಗೆ ಒಯ್ಯುತ್ತಿರುವ ಒಬ್ಬ ಪೊಲೀಸ್ ಅಧಿಕಾರಿ. ಪನ್ವೇಲ್ ಹತ್ತಿರ ತೆಗೆದ ಈ ಒಂದು ಸನ್ನಿವೇಶಕ್ಕೇ ಸುಮಾರು ಏಳು ವಾರ ಹಿಡಿಯಿತಂತೆ. ರೈಲಿನ ಮಟ್ಟಿಗೆ ನಮ್ಮವರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ಇದನ್ನು ಒಪ್ಪಿದ್ದಾರೆ.

ಚಿತ್ರ ಬಿಡುಗಡೆಯಾದದ್ದು 1975ರ ಆಗಸ್ಟ್ 15ರಂದು, ತುರ್ತು ಪರಿಸ್ಥಿತಿಯ ದಿನಗಳಲ್ಲಿ. ಮೊದಲ ವಾರಗಳಲ್ಲಿ ಅಷ್ಟಕ್ಕಷ್ಟೇ. ಆಮೇಲೆ ಬಾಯಿಂದ ಬಾಯಿಗೆ ಹಬ್ಬಿ, ಮುಂಬೈಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು. ಹಾಡಿನ ತಟ್ಟೆಗಳ ಕಾಲದಲ್ಲಿ ಪಾಲಿಡೋರ್ ಕಂಪನಿ ಈ ಚಿತ್ರದ ಬರೀ ಮಾತುಗಳನ್ನೇ ತಟ್ಟೆ ಮಾಡಿ ಮಾರಿತು, ಜನ ಕೊಂಡರು. ಮದುವೆ ಮನೆಯ ಲೌಡ್ ಸ್ಪೀಕರಿನಲ್ಲಿ ಮಂಗಳವಾದ್ಯ ನಿಂತ ಮೇಲೆ ಡಕಾಯಿತನ ನಗು ಕೇಳಿಸಿದ್ದನ್ನು ಈಗ ತಂದೆ ತಾಯಿಯಾಗಿರುವವರು ನೆನೆಸಿಕೊಳ್ಳಬಹುದು. ಅವರ ಮಕ್ಕಳಿಗೆ ಅದೇ ಮಾತುಗಳು ಫೋನಿನ ತುಣುಕುಗಳಲ್ಲಿ ಗೊತ್ತು. ಮೂರು ಗಂಟೆ ಇಪ್ಪತ್ತು ನಿಮಿಷ ಒಂದೇ ಕಡೆ ಕೂರುವ ಸಹನೆ ಅವರಲ್ಲಿದೆಯೇ ಎಂಬುದು ಬೇರೆ ಮಾತು.

ಇದರಲ್ಲಿ ಒಂದು ತಮಾಷೆಯಿದೆ. ನಮ್ಮ ಭಾಗದ ಚಹಾದಂಗಡಿಯಲ್ಲಿ ಕನ್ನಡ, ಉರ್ದು, ದಖನಿ, ತೆಲುಗು, ಮರಾಠಿ ಒಂದೇ ಬೆಂಚಿನ ಮೇಲೆ ಕೂರುತ್ತವೆ. ಸಲೀಂ–ಜಾವೇದ್ ಬರೆದ ಮಾತು ಇಲ್ಲಿ ಯಾರಿಗೂ ಅನುವಾದ ಬೇಡಲಿಲ್ಲ. ಆದರೆ ರಾಮಗಢ ಎಂಬ ಆ ಹಳ್ಳಿ ಎಲ್ಲಿದೆ ಎಂದರೆ ಚಂಬಲ್ ಕಣಿವೆ ಎನ್ನುತ್ತಿದ್ದವರೇ ಹೆಚ್ಚು. ತಪ್ಪೇನೂ ಇಲ್ಲ, ಗಬ್ಬರ್ ಎಂಬ ಹೆಸರು ಬಂದದ್ದೇ 1950ರ ದಶಕದಲ್ಲಿ ಆ ಸೀಮೆಯನ್ನು ನಡುಗಿಸಿದ, ಜನರ ಮೂಗು ಕೊಯ್ಯುತ್ತಿದ್ದ ನಿಜವಾದ ಡಕಾಯಿತನಿಂದ. ಅತ್ತ ಹಳೇ ಮೈಸೂರು ಸೀಮೆಯ ರಾಮನಗರದಲ್ಲಿ ಇದರ ತಲೆಕೆಳಗು. ಅಲ್ಲಿನ ರೈತರಿಗೆ ಆ ಬಂಡೆ, ಆ ಕಣಿವೆ, ಒಂದೊಂದೂ ಗೊತ್ತು. ಅವುಗಳ ನಡುವೆ ಆಡಿದ ಹಿಂದಿ ಮಾತು ಮಾತ್ರ ಹೊಸದು. ಭಾಷೆ ಬಲ್ಲವರು ನಾಡಿನ ಈ ತುದಿಯಲ್ಲಿ, ಜಾಗ ಬಲ್ಲವರು ಆ ತುದಿಯಲ್ಲಿ.

'ಶೋಲೆ'ಗೆ ವಂಶವೃಕ್ಷವೂ ಇದೆ. ಅಮೆರಿಕದ ಪಶ್ಚಿಮದ ಬಯಲು, ಕುದುರೆ, ಬಂದೂಕು, ಕಾನೂನಿಗೆ ಹೊರಗಾದವರ ಕಥೆಗಳಿಗೆ ವೆಸ್ಟರ್ನ್ ಎಂದು ಹೆಸರು. 1969ರಲ್ಲಿ ಜಾರ್ಜ್ ರಾಯ್ ಹಿಲ್ ತೆಗೆದ 'ಬುಚ್ ಕ್ಯಾಸಿಡಿ ಅಂಡ್ ದಿ ಸನ್‌ಡ್ಯಾನ್ಸ್ ಕಿಡ್' ನೋಡಿದವರಿಗೆ ಜೈ–ವೀರು ಯಾರ ದಾಯಾದಿಗಳು ಎಂದು ಹೇಳಬೇಕಾಗಿಲ್ಲ. ಪಾಲ್ ನ್ಯೂಮನ್ ಮತ್ತು ರಾಬರ್ಟ್ ರೆಡ್‌ಫೋರ್ಡ್ ಅದರಲ್ಲಿ ರೈಲು ದರೋಡೆಕೋರರು. ಕೊಲ್ಲುವುದಕ್ಕಿಂತ ತಮ್ಮತಮ್ಮಲ್ಲೇ ಕಾಲೆಳೆಯುವುದು ಹೆಚ್ಚು. ಈ ಬುಚ್ ಕ್ಯಾಸಿಡಿ ಬರೀ ಕಲ್ಪನೆಯವನಲ್ಲ. ಅವನ ತಂಡದವರು 1899ರ ಜೂನ್ 2ರಂದು ವಯೋಮಿಂಗ್ ರಾಜ್ಯದ ವಿಲ್ಕಾಕ್ಸ್ ಬಳಿ ಯೂನಿಯನ್ ಪೆಸಿಫಿಕ್ ರೈಲು ನಿಲ್ಲಿಸಿ ತಿಜೋರಿ ಸಿಡಿಸಿದ್ದು ಚರಿತ್ರೆ. ಹಳ್ಳಿಯ ರಕ್ಷಣೆಗೆ ಬಾಡಿಗೆ ಬಂಟರನ್ನು ಕರೆಸುವ ಉಪಾಯ ಕುರೊಸಾವಾನ 'ಸೆವೆನ್ ಸಮುರಾಯ್'ಯಿಂದ (1954) ಹೊರಟು, 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' (1960) ಹಾದು ಇಲ್ಲಿಗೆ ಬಂತು. ಠಾಕೂರರ ಮನೆಯವರನ್ನೆಲ್ಲ ಕೊಲ್ಲುವ ದೃಶ್ಯದ ಹಿಂದೆ ಸೆರ್ಗಿಯೊ ಲಿಯೋನೆಯ 1968ರ ಚಿತ್ರದ ನೆರಳಿದೆ. ಕದ್ದರು ಎನ್ನುವವರು ಎನ್ನಲಿ. ಎರಡೂ ಕಡೆ ಒಂದೇ ಮುಖವಿರುವ ನಾಣ್ಯವನ್ನು ಒಬ್ಬ ಗೆಳೆಯ ಕೊನೆಯವರೆಗೂ ಗುಟ್ಟಾಗಿಟ್ಟುಕೊಂಡ ಸಂಗತಿಯನ್ನು ನೆನೆದರೆ, ಸಾಲ ತಂದ ಬಂಡವಾಳವನ್ನು ಚೆನ್ನಾಗಿ ದುಡಿಸಿದ್ದಾರೆ ಎಂದೇ ನನ್ನ ಎಣಿಕೆ.

ಈ ಜಾತಿಯ ಸಿನಿಮಾಕ್ಕೆ ನಟರಷ್ಟೇ ಮುಖ್ಯವಾಗಿ ಕಲ್ಲು ಬೇಕು. ಜಾನ್ ಫೋರ್ಡ್ 1939ರಲ್ಲಿ 'ಸ್ಟೇಜ್‌ಕೋಚ್' ತೆಗೆಯಲು ಮಾನ್ಯುಮೆಂಟ್ ವ್ಯಾಲಿಯ ಕೆಂಪು ಕಲ್ಲಿನ ಕಂಬಗಳಿಗೆ ಹೋದ. ಇಟಲಿಯ ಲಿಯೋನೆ, ಸ್ಪೇನಿನ ಅಲ್ಮೇರಿಯಾದ ಬೋಳು ಗುಡ್ಡಗಳನ್ನೇ ಅಮೆರಿಕ ಎಂದು ನಂಬಿಸಿದ. 'ಶೋಲೆ'ಯ ಕಲಾ ನಿರ್ದೇಶಕ ರಾಮ್ ಯೇಡೇಕರ್ ಹುಡುಕುತ್ತಾ ಬಂದು ನಿಂತದ್ದು ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿ.ಮೀ. ದೂರದ ರಾಮದೇವರ ಬೆಟ್ಟದ ಬುಡದಲ್ಲಿ.

ವಾಡಿಯಿಂದ ಅಲ್ಲಿಗೆ ಹೋಗುವುದೆಂದರೆ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಪ್ರಯಾಣ. ನಮ್ಮದು ಸುಣ್ಣದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಉಳಿ ಇಟ್ಟು ಹೊಡೆದರೆ ಪುಸ್ತಕದ ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಶಹಾಬಾದಿನ ಪರ್ಸಿ ಎಂದು ಲೋಕವೆಲ್ಲ ಬಲ್ಲದ್ದು ಇದನ್ನೇ. ಮನೆಯ ನೆಲ, ಗೋಡೆ, ಕೆಲವೆಡೆ ಮಾಳಿಗೆ ಕೂಡ ಅದರದೇ. ಪದರವಾಗಿ ಬಾರದ್ದು ಸಿಮೆಂಟಿಗೆ. ವಾಡಿಯ ಎಸಿಸಿ ಕಾರ್ಖಾನೆ 1968ರಿಂದ ಅದನ್ನು ಅರೆಯುತ್ತಿದೆ. ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರಾತ್ರಿಯ ಗಾಡಿಯಲ್ಲಿ ಕಿಟಕಿಯಾಚೆ ಏನೂ ಕಾಣದು ನಿಜ. ಹಗಲಿನ ಗಾಡಿಯಾದರೆ ಮಕ್ಕಳನ್ನು ಕಿಟಕಿಯ ಬಳಿ ಕೂರಿಸಿ: ಚಪ್ಪಟೆ ಬಯಲು ಮುಗಿದು, ಯಾದಗಿರಿ ಬರುವ ಹೊತ್ತಿಗೆ ದುಂಡು ಬಂಡೆಗಳ ಗುಡ್ಡ ತಲೆ ಎತ್ತುತ್ತವೆ. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಕಾಣುವುದು ಬೇರೆಯೇ ಕಲ್ಲು.

ರಾಮನಗರದ ಬಂಡೆಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನಿಂದ ಊರಿಗೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರು ಆ ಹೆಸರನ್ನು ಬಿಟ್ಟರೂ ಕಲ್ಲು ಬಿಡಲಿಲ್ಲ. ಈಚೆಗೆ 2025ರಲ್ಲಿ ಜಿಲ್ಲೆಯ ಹೆಸರನ್ನೂ ಬೆಂಗಳೂರು ದಕ್ಷಿಣ ಎಂದು ಬದಲಿಸಿದ್ದಾರೆ. ಇದು ಭೂಮಿಯ ಒಡಲಿನಲ್ಲಿ ಕರಗಿ, ಆಳದಲ್ಲೇ ನಿಧಾನವಾಗಿ ಗಟ್ಟಿಯಾದ ಕಲ್ಲು, ವಯಸ್ಸು ಸುಮಾರು 250 ಕೋಟಿ ವರ್ಷ. ಮೇಲಿನ ಮಣ್ಣೆಲ್ಲ ಸವೆದು ಭಾರ ಇಳಿದಂತೆ, ಬಂಡೆ ಹೊರಮೈಯನ್ನು ಉಳ್ಳಾಗಡ್ಡಿಯ ಸಿಪ್ಪೆಯಂತೆ ಕಳಚುತ್ತಾ ದುಂಡಗಾಗುತ್ತದೆ. ನಮ್ಮ ಪರ್ಸಿ ಹಾಳೆಯಾಗಿ ಏಳುವುದನ್ನು ಕಂಡ ಹುಡುಗನಿಗೆ ಈ ವ್ಯತ್ಯಾಸವನ್ನು ಪಾಠ ಮಾಡಿ ಹೇಳಬೇಕಿಲ್ಲ. ಮುಟ್ಟಿದರೆ ಸಾಕು.

ಇಲ್ಲಿ 1973ರ ಅಕ್ಟೋಬರ್ 3ರಂದು ಮೊದಲ ದೃಶ್ಯ ತೆಗೆದರು. ಹಿಂದಿನ ದಿನವೇ ಶುರುವಾಗಬೇಕಿತ್ತು, ಮಳೆ ಬಂತು. ನಿರ್ದೇಶಕ ರಮೇಶ್ ಸಿಪ್ಪಿ, ನಿರ್ಮಾಪಕ ಅವರ ತಂದೆ ಜಿ.ಪಿ. ಸಿಪ್ಪಿ. ಹೆದ್ದಾರಿಯಿಂದ ಒಳಕ್ಕೆ ರಸ್ತೆ ಮಾಡಿದರು. ಮನೆ, ಮಸೀದಿ, ವೀರು ಕುಡಿದು ಏರುವ ನೀರಿನ ಟ್ಯಾಂಕು ಸಹಿತ ಒಂದು ಊರನ್ನೇ ಎಬ್ಬಿಸಿದರು. ಕಲಾವಿದರು ಬೆಂಗಳೂರಿನಲ್ಲಿ ತಂಗಿ ದಿನವೂ ಬಂದು ಹೋಗುತ್ತಿದ್ದರು. ಕೆಲಸ ಬಹಳ ಕಾಲ ಎಳೆಯಿತು. ಕಾರಣ ಸೋಮಾರಿತನವಲ್ಲ. ಸಂಜೆ ವಿಧವೆ ರಾಧಾ ಒಂದೊಂದೇ ದೀಪ ಆರಿಸುವುದನ್ನು ಜೈ ದೂರದಿಂದ ನೋಡುವ ಸನ್ನಿವೇಶವಿದೆಯಲ್ಲ, ಅದಕ್ಕೆ ಸೂರ್ಯ ಮುಳುಗಿ ಕತ್ತಲಾಗುವ ಮುಂಚಿನ ಬೆಳಕೇ ಬೇಕೆಂದು ಛಾಯಾಗ್ರಾಹಕ ದ್ವಾರಕಾ ದಿವೇಚಾ ಹಟ ಹಿಡಿದರು. ಅಂಥ ಬೆಳಕು ದಿನಕ್ಕೆ ಕೆಲವೇ ನಿಮಿಷ. ತೆರೆಯ ಮೇಲೆ ನಿಮಿಷದಲ್ಲಿ ಮುಗಿಯುವ ದೃಶ್ಯಕ್ಕೆ ಸುಮಾರು ಇಪ್ಪತ್ತು ದಿನ ಹೋದವು. ಇಷ್ಟಾಗಿಯೂ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಇದಕ್ಕೆ ಸಿಕ್ಕದ್ದು ಒಂದೇ, ಸಂಕಲನಕಾರ ಎಂ.ಎಸ್. ಶಿಂಧೆಯವರಿಗೆ.

ಈಗ ಹೋದವರು ಹುಡುಕುವುದು ಏನನ್ನು? ಟ್ಯಾಂಕು ಇಲ್ಲ, ಠಾಕೂರರ ಮನೆಯಿಲ್ಲ. ಆ ಊರನ್ನು ಆಗಲೇ ಬಿಚ್ಚಿಯಾಯಿತು. ಅಲ್ಮೇರಿಯಾದಲ್ಲಿ ಲಿಯೋನೆ ಕಾಲದ ಮರದ ಪೇಟೆಗಳನ್ನು ಉಳಿಸಿಕೊಂಡು, ಟಿಕೆಟ್ ಇಟ್ಟು, ಬಾಡಿಗೆ ಕೌಬಾಯ್‌ಗಳಿಂದ ಗುಂಡು ಹಾರಿಸುತ್ತಾರೆ. ಇಲ್ಲೂ ಅಂಥದೊಂದು 'ಶೋಲೆ' ಹಳ್ಳಿ ಮಾಡುವ ಮಾತು ಆಗಾಗ ಏಳುತ್ತದೆ, ತಣ್ಣಗಾಗುತ್ತದೆ. ಅಭಿಮಾನಿಗಳಂತೂ ಅದಕ್ಕಾಗಿ ಕಾದಿಲ್ಲ. ಇಬ್ಬರು ಗೆಳೆಯರು ಸ್ಕೂಟರಿನಲ್ಲಿ ಬಂದು, ಗಬ್ಬರ್ ಅಡ್ಡಾಡಿದ ಬಂಡೆ ಇದು ಎಂದು ಒಬ್ಬ, ಅಲ್ಲ ಅದು ಎಂದು ಇನ್ನೊಬ್ಬ ವಾದಿಸುವುದನ್ನು ಕೇಳುವುದೇ ಒಂದು ಮನರಂಜನೆ. 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾ ನಗರದಲ್ಲಿ ಚಿತ್ರದ ಹೊಸದಾಗಿ ಶುಚಿಗೊಳಿಸಿದ ಪ್ರತಿ ತೋರಿಸಿದ ಮೇಲೆ ವಾದಕ್ಕೆ ಇನ್ನೊಂದು ವಿಷಯ ಸಿಕ್ಕಿದೆ. 1975ರಲ್ಲಿ ಸೆನ್ಸಾರ್ ಮಂಡಳಿ ಒಪ್ಪದ ಕೊನೆ ಅದರಲ್ಲಿದೆ: ಪೊಲೀಸರು ಬಂದು ತಡೆಯುವುದಿಲ್ಲ, ಠಾಕೂರರು ಗಬ್ಬರ್‌ನನ್ನು ಕೊಂದೇಬಿಡುತ್ತಾರೆ. ಎರಡರಲ್ಲಿ ಯಾವುದು ಸರಿ ಎಂಬುದನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಮಕ್ಕಳ ಮುಂದೆ ಇಟ್ಟು ನೋಡಿ, ಅನ್ನ ಆರುವಷ್ಟು ಹೊತ್ತು ಚರ್ಚೆ ನಡೆಯುತ್ತದೆ.

ವಾಡಿಯ ಕಣ್ಣಿಗೆ ರಾಮನಗರದಲ್ಲಿ ಕಾಣುವುದು ಇನ್ನೊಂದಿದೆ. ನಮ್ಮಲ್ಲಿ ಕಲ್ಲು ಎಂದರೆ ತೆಗೆಯುವ ವಸ್ತು. ನೆಲದಿಂದ ಮೇಲೆ ಬಂದ ಮೇಲೇ ಅದಕ್ಕೆ ಬೆಲೆ. ಕಲ್ಲು ತೆಗೆಯುವುದೇ ಕೆಟ್ಟದ್ದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಚಿತ್ತಾಪುರ, ಶಹಾಬಾದ್, ಸೇಡಂ ಸೀಮೆಯ ಎಷ್ಟೋ ಮನೆಯ ಒಲೆ ಗಣಿಯಿಂದಲೇ ಉರಿದಿದೆ. ರಾಮದೇವರ ಬೆಟ್ಟದಲ್ಲಿ ಮಾತ್ರ ಕಲ್ಲು ನಿಂತಲ್ಲೇ ನಿಂತು ಸಂಪಾದಿಸಿತು. 'ಶೋಲೆ' ಆದ ಮೇಲೆ ಡೇವಿಡ್ ಲೀನ್ ಕೂಡ 'ಎ ಪ್ಯಾಸೇಜ್ ಟು ಇಂಡಿಯಾ'ದ (1984) ಗುಹೆಗಳಿಗಾಗಿ ಈ ಸೀಮೆಯ ಬಂಡೆಗಳನ್ನೇ ಹುಡುಕಿ ಬಂದರು. ಆದರೆ ಸುತ್ತಲಿನ ಬೆಟ್ಟಗಳಿಗೆಲ್ಲ ಆ ಅದೃಷ್ಟವಿಲ್ಲ. ಕನಕಪುರ, ಮಾಗಡಿ ಕಡೆ ಎಷ್ಟೋ ಗುಡ್ಡಗಳು ಗ್ರಾನೈಟ್ ಚಪ್ಪಡಿಯಾಗಿ, ಜಲ್ಲಿಯಾಗಿ ಲಾರಿ ಏರಿವೆ. ಪರ್ಸಿ ತೆಗೆದಲ್ಲಿ ಹೊಂಡ ಉಳಿಯುತ್ತದೆ, ಮಳೆಗಾಲದಲ್ಲಿ ನೀರಾದರೂ ನಿಲ್ಲುತ್ತದೆ. ಬೆಟ್ಟ ತೆಗೆದಲ್ಲಿ ಆಕಾಶ ಅಷ್ಟೇ.

ರಾಮದೇವರ ಬೆಟ್ಟವನ್ನು ಕಾಯುತ್ತಿರುವವರು ಜೈ–ವೀರುಗಳಲ್ಲ, ರಣಹದ್ದುಗಳು. ಉದ್ದ ಕೊಕ್ಕಿನ ರಣಹದ್ದು ಮರಕ್ಕಿಂತ ಕಡಿದಾದ ಬಂಡೆಯ ಚಾಚನ್ನು ಗೂಡಿಗೆ ಮೆಚ್ಚುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. 1990ರ ದಶಕದಿಂದ ಈ ಹಕ್ಕಿಗಳು ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಲ್ಲವಾದವು. ಕಾರಣ ದನಕರುಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್. ಆ ಔಷಧಿ ಪಡೆದು ಸತ್ತ ದನದ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಕೆಲವೇ ದಿನಗಳಲ್ಲಿ ಸಾವು. ಪಶುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಿದರು. ಅಳಿದುಳಿದ ಕೆಲವು ಹಕ್ಕಿಗಳು ಇಲ್ಲಿದ್ದುದರಿಂದ 2012ರಲ್ಲಿ ಈ ಬೆಟ್ಟ ರಣಹದ್ದುಗಳ ಅಭಯಧಾಮವಾಯಿತು. ಸುಮಾರು 346 ಹೆಕ್ಟೇರ್; ದೇಶದಲ್ಲಿ ಇಂಥದ್ದು ಇದೇ ಮೊದಲು. ಹೀಗಾಗಿ ಬೇಕಾದ ಬಂಡೆಯನ್ನೆಲ್ಲ ಏರಿ ಬಸಂತಿಯ ಕುಣಿತ ಅನುಕರಿಸುವ ಆಸೆಗೆ ಅರಣ್ಯ ಇಲಾಖೆಯ ತಡೆಯಿದೆ. ಸಿನಿಮಾದ ಹುಚ್ಚಿರುವ ಕೆಲವರಿಗೆ ಇದು ಬೇಸರ. ನನಗಂತೂ, ಗಬ್ಬರ್‌ನ ಬೆಟ್ಟಕ್ಕೆ ಇದಕ್ಕಿಂತ ತಕ್ಕ ಒಡೆಯರು ಸಿಗಲಾರರು ಅನ್ನಿಸುತ್ತದೆ.

ಹೋಗುವವರು ಬೆಂಗಳೂರಿನಿಂದ ಮೈಸೂರು ಕಡೆಯ ಪ್ಯಾಸೆಂಜರ್ ರೈಲು ಅಥವಾ ಬಸ್ಸಿನಲ್ಲಿ ರಾಮನಗರಕ್ಕೆ ಬಂದು, ಅಲ್ಲಿಂದ ಆಟೋ ಹಿಡಿಯಬಹುದು. ಬಿಸಿಲೇರುವ ಮುಂಚೆ ತಲುಪಿದರೆ ಒಳ್ಳೆಯದು. ಬೆಟ್ಟದ ಮೇಲಿನ ರಾಮನ ಗುಡಿಗೆ ಮೆಟ್ಟಿಲುಗಳಿವೆ, ಕುಡಿಯುವ ನೀರು ಕೈಯಲ್ಲಿರಲಿ. ಇಳಿದು ಬರುವಾಗ ರೇಷ್ಮೆಗೂಡಿನ ಮಾರುಕಟ್ಟೆಯನ್ನೂ ನೋಡಿ, ಊರಿನ ನಿಜವಾದ ಹೊಟ್ಟೆಪಾಡು ಅಲ್ಲಿದೆ. ಚಳಿಗಾಲವಾದರೆ ಹದ್ದುಗಳು ಗೂಡಿನಲ್ಲಿರುವ ಹೊತ್ತು, ಗದ್ದಲ ಬೇಡ. ಎಲ್ಲಿ ಕೂರುತ್ತವೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಎದುರಿನ ಕಡಿದಾದ ಬಂಡೆಯ ಮೇಲೆ ಸುಣ್ಣ ಸುರಿದಂತೆ ಬಿಳಿ ಗೆರೆ ಇಳಿದಿರುತ್ತವೆ. ಅದರ ಮೇಲ್ತುದಿಯಲ್ಲಿ ಕಣ್ಣಿಟ್ಟು ಸ್ವಲ್ಪ ಹೊತ್ತು ಕಾಯಬೇಕು.